ಅಂಗಿಗಿ ಹತ್ತಿದ ಹದಿನೇಳು ಎಳಿ

ಡಾಬಕಾ, ಶನಿವಾರ

ವೈನಿ, ನಿಮ್ಮ ಮೈದ್ನ ಅನೀಲನ ನಮಸ್ಕಾರ್ರಿ. ಫೋನ್ ಮಾಡಿದ್ರ ನೀವು ಸ್ಪೀಕರ್ ಹಚ್ಚತೀರಿ, ಅಪ್ಪ ಕೇಳ್ತಾರ. ಅದಕ್ಕ ಕಾರ್ಡ್ ಬರೀಲಕತ್ತೀನಿ.

ಇಲ್ಲಿ ಗಾಳಿಯಂತ್ರದ ರೆಕ್ಕಿ ಒಯ್ಯೂ ಲಾರಿ ರೆಕ್ಕಿ ಸಮೇತ ಸುಟ್ಟದ. ರೆಕ್ಕಿಯೊಳಗಿನ ಕಾರ್ಬನ್ ಎಳಿ ಕೂದಲಕ್ಕಿಂತ ಸಣ್ಣವು, ಗಾಳಿಗಿ ಹಾರತಾವ. ಅವು ಕರೆಂಟ್ ಒಯ್ತಾವ, ಮಶಿನ್‌ನಾಗ ಹೊಕ್ಕರ ಶಾರ್ಟ್ ಆಗ್ತದ. ಅಂಟಿನ ಪಟ್ಟಿ ಹಚ್ಚಿ, ಎಲ್ಲೆಲ್ಲಿ ಎಷ್ಟು ಬಿದ್ದಾವ ಅಂತ ಎಣಸೂದು ನನ್ನ ಕೆಲಸ.

ನಿನ್ನಿ ಅಮಾಸಿ. ಹಿಟ್ಟಿನ ಗಿರಣಿ ಲೀಲಾಬಾಯಿ ಪೂಜಾಕ್ಕಂತ ಮೋಟಾರಿನ ಡಬ್ಬಿ ಬಿಚ್ಚಿ ಒರಸಿದ್ರು. "ಕರೆಂಟಿನ ಸಾಹೇಬ್ರು ಬಂದೀರಿ, ನೀವೇ ಕುಂಕುಮ ಹಚ್ಚರಿ" ಅಂದ್ರು. ನಾ ಲಾರಿ ಕಡಿಂದ ಹಂಗೇ ಬಂದಿದ್ದೆ. ಬಗ್ಗಿ ಹಚ್ಚಿದೆ. ಅವರು ಡಬ್ಬಿ ಮುಚ್ಚಿ ಬಟನ್ ಒತ್ತಿದ್ರು, ಢಬ್ ಅಂತ ಸುಟ್ಟಿತು. ಅವರ ಬೆರಳೂ ಬೆಂದಾವ. ಊರಿಗಿ ಅದೊಂದೇ ಗಿರಣಿ.

ಗಿರಣಿ ಗ್ವಾಡಿಗಿ ಪಟ್ಟಿ ಹಚ್ಚಿದ್ರ ಒಂದೂ ಎಳಿ ಬರಲಿಲ್ಲ. ನನ್ನ ಅಂಗಿ ತೋಳಿಗಿ ಹಚ್ಚಿದೆ, ಹದಿನೇಳು ಬಂದವು. ಎರಡು ಸಲ ಒಗದ್ರೂ ಇನ್ನಾ ಮೂರು ಉಳದಾವ. ತಲಿಗೂದಲದಾಗ ಎಷ್ಟ್ ಅದಾವೋ.

ನಾ ಆರಾಮ ಇದ್ದೀನಿ, ಕೆಮ್ಮಿಲ್ಲ. ಅಪ್ಪನ ಆಕ್ಸಿಜನ್ ಮಶಿನ್ ಹಗಲೂ ರಾತ್ರಿ ಗಾಳಿ ಜಗ್ಗತದ, ಅದಕ್ಕ ದಸರಾಕ್ಕ ನಾ ಭಾಲ್ಕಿಗಿ ಬರಂಗಿಲ್ರಿ. ಕೇಳಿದ್ರ ರಜಾ ಸಿಗಲಿಲ್ಲ ಅನ್ರಿ. ಬನ್ನಿ ಕೊಟ್ಟು ಕಾಲು ಮುಟ್ಟಲಿಲ್ಲಂತ ಬಯ್ಯಲಿ. ಬಯ್ಯಲಾಕ ಉಸಿರಾದ್ರೂ ಇರಲಿ.

ಅನೀಲ