ಖಾಲಿ ಅಟ್ಟಣೆ

ವಿಸ್ಕಾನ್ಸಿನ್, ಅಕ್ಟೋಬರ್ 9

ಪ್ರೀತಿಯ ತಮ್ಮ ಹಾರ್ಲನ್‌ಗೆ,

ಊಟ, ನಿದ್ದೆ ನಡೆದಿದೆ. ನಿನ್ನ ಭಾವ ವರ್ಲಿನ್ ತೀರಿಕೊಂಡು ಏಳು ತಿಂಗಳಾಯಿತು. ಅವರು ಬರೆದಿಟ್ಟಿದ್ದಂತೆ ನಮ್ಮ ಕಾಡಂಚಿನಲ್ಲಿ ಜಿಂಕೆಗಳಿಗೆಂದು ಕ್ಲೋವರ್ ಮೇವು ಬಿತ್ತಿದೆ. ಚೆನ್ನಾಗಿ ಬಂದಿದೆ.

ಆ ದೊಡ್ಡ ಕೊಂಬಿನ ಗಂಡು ಜಿಂಕೆ ನೆನಪಿದೆಯಾ? ಹೋದ ವರ್ಷ ನೀನು ಗುರಿಯಿಟ್ಟಾಗ ಅವರು, "ಬಿಡೋ ಭಾವಮೈದ, ಇನ್ನೊಂದ್ ವರ್ಷ ಬೆಳೀಲಿ. ಅಷ್ಟೊತ್ತಿಗೆ ನಿಂಗೂ ಗುರಿ ಹಿಡಿಯೋಕ್ ಬರುತ್ತೆ" ಅಂದಿದ್ದರು. ಆಗೆಲ್ಲ ಮರದ ಮೇಲಿನ ಅಟ್ಟಣೆಯಲ್ಲಿ ಅವರು ಕೆಮ್ಮಿದರೆ ಸಾಕು, ಅದು ಓಡಿಹೋಗುತ್ತಿತ್ತು. ಈಗ ದಿನಾ ಬೆಳಿಗ್ಗೆ ಆ ಅಟ್ಟಣೆಯ ಕೆಳಗೇ ನಿಂತು ಮೇಯುತ್ತದೆ. ಮೇಲೆ ಯಾರೂ ಇಲ್ಲವೆಂದು ಅದಕ್ಕೂ ಗೊತ್ತಾಗಿದೆ. ನಾನು ಕಿಟಕಿಯಿಂದ ನೋಡುತ್ತಾ ಪಾತ್ರೆ ತೊಳೆಯುತ್ತೇನೆ.

ಬೇಟೆಯ ಕಾಲ ಶುರುವಾಗುವ ದಿನ ಬಾ. ಏಣಿಯ ಮೂರನೇ ಮೆಟ್ಟಿಲು ಸಡಿಲವಾಗಿದೆ, ಹುಷಾರು. ಹೊಡೆಯುವುದು, ಬಿಡುವುದು ನಿನ್ನಿಷ್ಟ. ಮೇಲೆ ಕೂತು ಒಂದೆರಡು ಸಲ ಕೆಮ್ಮು, ಅಷ್ಟು ಸಾಕು.

ನಿನ್ನ ಅಕ್ಕ,
ಲವೀನಾ