ಅಂಚು ಕತ್ತರಿಸದ ವಿಡಿಯೋ

ಸೆಪ್ಟೆಂಬರ್ 3, ಮಂಗಳವಾರ

ಮೀನುಗಾರರ ಸೊಸೈಟಿ ಆಫೀಸು. ಬೆಳಗಿನ ತೂಕದ ಚೀಟಿ ಮುಗಿಸುವಷ್ಟರಲ್ಲಿ ಅಧ್ಯಕ್ಷ ಓರಿನ್ ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟ. ನನ್ನ ತಮ್ಮ ಹೋಲಿಸ್ ತೆಗೆದ ವಿಡಿಯೋ. ಕಳೆದ ಗುರುವಾರ ಅವನು ಲಾಬ್‌ಸ್ಟರ್ ಹಿಡಿಯಲು ನೀರಿಗಿಳಿಸಿದ್ದ ಬೋನುಗಳ ಹಗ್ಗವನ್ನು ಯಾರೋ ಕತ್ತರಿಸುತ್ತಿದ್ದರಂತೆ, ಇವನು ದೂರದಿಂದ ಫೋನಿನಲ್ಲಿ ಹಿಡಿದನಂತೆ. ಹಿಡಿದದ್ದೇನು? ಆಕಾಶ, ನೀರು, ತನ್ನ ಹೆಬ್ಬೆರಳು, ಮತ್ತೆ ನೀರು. ನಡುವೆ ಹಸಿರು ದೋಣಿಯೊಂದು ಇದೆ ಅನ್ನಬಹುದು. ಈ ಬಂದರಿನಲ್ಲಿ ಹಸಿರು ದೋಣಿ ಮೂರು, ಅದರಲ್ಲೊಂದು ವೆಂಡೆಲ್‌ನದು.

"ಅಲುಗಾಟ ತೆಗೆದು ನಂಬರ್ ಓದೋ ಹಾಗೆ ಮಾಡ್ಕೊಡು ಮಾರ್ಲಾ. ಹದಿನಾಲ್ಕಕ್ಕೆ ಮೀಟಿಂಗ್. ವೆಂಡೆಲ್‌ದೇ ಕೆಲ್ಸ ಅಂತ ಎಲ್ರಿಗೂ ಗೊತ್ತು."

"ಗೊತ್ತಿದ್ಮೇಲೆ ವಿಡಿಯೋ ಯಾಕೆ?"

ಓರಿನ್ ಟೋಪಿ ಸರಿಮಾಡಿಕೊಂಡು ಹೋದ. ಒಮ್ಮೆ ಶಾಲೆಯ ವಿಡಿಯೋ ಮಾಡಿಕೊಟ್ಟ ತಪ್ಪಿಗೆ ಊರಿನ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆಗೆ.

ಸೆಪ್ಟೆಂಬರ್ 4, ಬುಧವಾರ

ಅಲುಗಾಟ ತೆಗೆಯುವ ಸಾಫ್ಟ್‌ವೇರ್ ಹುಡುಕಿದೆ. 'ಅತ್ಯುತ್ತಮ ಹತ್ತು' ಎಂಬ ಪಟ್ಟಿಗಳೇ ನೂರು. ಬರೆದ ಮಹಾನುಭಾವರು ಒಂದನ್ನೂ ತೆರೆದು ನೋಡಿದ ಹಾಗಿಲ್ಲ. ಮೊದಲನೆಯದು ಪುಕ್ಕಟೆ — ಸರಿಯಾಗಿ ದೋಣಿಯ ನಂಬರಿನ ಮೇಲೆಯೇ ತನ್ನ ಹೆಸರು ಮೆತ್ತಿತು. ಎರಡನೆಯದು ಅಲೆಗಳನ್ನು ಹಿಡಿದು ನಿಲ್ಲಿಸಿ ದೋಣಿಯನ್ನು ಕುಣಿಸಿತು. ಮೂರನೆಯದರಲ್ಲಿ ದೋಣಿ, ಮನುಷ್ಯ, ದಡ ಎಲ್ಲವೂ ತಟ್ಟೆಯಲ್ಲಿಟ್ಟ ಜೆಲ್ಲಿ.

ಮಧ್ಯಾಹ್ನ ಹೋಲಿಸ್ ಫೋನ್ ಮಾಡಿದ. "ಆಯ್ತಾ?"

"ಕೈಯಲ್ಲಿ ಹಿಡಿದಿದ್ದು ಫೋನೋ, ಒದ್ದಾಡೋ ಮೀನೋ?"

"ಅಲೆ ಇತ್ತು. ಸಿಟ್ಟೂ ಇತ್ತು." ಮತ್ತೆ ಅವನೇ ಅಂದ, "ಈ ಸೀಸನ್ ಮುಗೀತು ನಂದು. ಬೋನೆಲ್ಲ ತಳದಲ್ಲಿ ಬಿದ್ದಿವೆ, ಎತ್ತೋಕೆ ಹಗ್ಗನೇ ಇಲ್ಲ."

ತಮಾಷೆ ಮಾಡಬಾರದಿತ್ತು. ಮಾಡಿದೆ. ನನ್ನ ಬಾಯಿಯೇ ಹಾಗೆ.

ಸೆಪ್ಟೆಂಬರ್ 5, ಗುರುವಾರ

ನಾಲ್ಕನೆಯದು ಕೆಲಸ ಮಾಡಿತು. ದೋಣಿ ಮೊಳೆ ಹೊಡೆದಂತೆ ನಿಂತಿತು. ನಂಬರ್ ಸ್ಪಷ್ಟ. ಚುಕ್ಕಾಣಿ ಹಿಡಿದಿರುವವನು ವೆಂಡೆಲ್ಲೇ. ಜೋಕು ಹೇಳುವ ಮೊದಲೇ ತಾನೇ ನಗುವ ಪ್ರಾಣಿ. ಇವನಿಂದ ಇನ್ನೇನು ನಿರೀಕ್ಷಿಸಬೇಕು.

ರಾತ್ರಿ ಊಟಕ್ಕೆ ಮೀನಿನ ಸೂಪು. ಗಂಡ ಎಲ್ಡೆನ್‌ಗೆ ಹೇಳಿದೆ. ಅವನು ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಆಯ್ತಲ್ಲ, ಕೊಟ್ಬಿಡು."

ಕೊಟ್ಟುಬಿಡಬಹುದಿತ್ತು. ಆದರೆ ಈ ಸಾಫ್ಟ್‌ವೇರ್ ಅಲುಗಾಟ ಮುಚ್ಚಲು ಚಿತ್ರವನ್ನು ಹಿಗ್ಗಿಸಿ, ನಾಲ್ಕೂ ಅಂಚು ಕತ್ತರಿಸಿ ಬಿಸಾಡುತ್ತದೆ. ಕಾಲು ಭಾಗ ಚಿತ್ರವೇ ಮಾಯ. ಅರೆಬರೆ ಕೆಲಸ ನನಗಾಗದು. ಅಂಚು ಉಳಿಸುವ ಐದನೆಯದೊಂದು ಇದೆಯಂತೆ. ನಾಳೆ.

ಸೆಪ್ಟೆಂಬರ್ 10, ಮಂಗಳವಾರ

ನಾಲ್ಕು ದಿನ ಬರೆಯಲಾಗಲಿಲ್ಲ.

ಐದನೆಯದು ಏನನ್ನೂ ಕತ್ತರಿಸಲಿಲ್ಲ. ಚಿತ್ರ ಪೂರ್ತಿ ಉಳಿಯಿತು, ಸುತ್ತ ಕಪ್ಪು ಅಂಚು ಮಾತ್ರ ಅಲ್ಲಾಡುತ್ತದೆ. ದೋಣಿಯ ಹಿಂಭಾಗದಲ್ಲಿ ಇನ್ನೊಬ್ಬ ನಿಂತಿದ್ದಾನೆ. ಬಗ್ಗಿ ಹಗ್ಗ ಎಳೆದುಕೊಳ್ಳುತ್ತಾನೆ, ಕತ್ತರಿಸುತ್ತಾನೆ, ಬಿಡುತ್ತಾನೆ. ಎಡ ಭುಜ ಕೆಳಕ್ಕೆ. ಆ ಬೆನ್ನನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಮುಖ ತಿರುಗಿಸುವುದೇ ಬೇಕಿರಲಿಲ್ಲ. ತಿರುಗಿಸಿದ.

ಆ ಗುರುವಾರ ಎಲ್ಡೆನ್, ಇಂಜಿನ್ ಪಾರ್ಟ್ ತರಲು ಪೇಟೆಗೆ ಹೋಗಿದ್ದೆ ಅಂದಿದ್ದ.

ಸೆಪ್ಟೆಂಬರ್ 13, ಶುಕ್ರವಾರ, ಸಂಜೆ

ಎಲ್ಡೆನ್‌ಗೆ ತೋರಿಸಿದೆ. ನಿಂತೇ ನೋಡಿದ.

"ನಿನ್ನ ತಮ್ಮ ವರ್ಷಾ ವರ್ಷಾ ಒಂದಿಷ್ಟು ಒಂದಿಷ್ಟು ಅಂತ ಸರಿದು ನಾನ್ ಬೋನು ಹಾಕೋ ಜಾಗಕ್ಕೇ ಬಂದ್ ತನ್ ಬೋನು ಇಳಿಸ್ದ. ಕೇಳಿದ್ರೆ ನಗ್ತಾನೆ. ನನ್ ದೋಣಿ ಕೆಟ್ಟಿತ್ತು, ವೆಂಡೆಲ್ ತನ್ ದೋಣೀಲಿ ಬಾ ಅಂದ."

"ನನಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನೂ ನಗ್ತಿದ್ದೆ."

ನಗುತ್ತಿದ್ದೆ, ನಿಜ.

ಆಮೇಲೆ ಮೆಲ್ಲಗೆ ಅಂದ, "ಆ ನಾಲ್ಕನೇದೇ ಕೊಡು ಮಾರ್ಲಾ. ವೆಂಡೆಲ್‌ನ ಹೇಗೂ ಯಾರೂ ನಂಬಲ್ಲ."

ಅಷ್ಟು ಹೊತ್ತೂ ಅವನ ಮೇಲೆ ಮರುಕವಿತ್ತು. ಹಗ್ಗ ಕತ್ತರಿಸಿದವನನ್ನಾದರೂ ಸಹಿಸಬಹುದು. ಈ ಮಾತು ಆಡಿದವನನ್ನು…

ಸೆಪ್ಟೆಂಬರ್ 14, ಶನಿವಾರ

ಮೀಟಿಂಗ್. ಎಲ್ಲರೂ ಬಂದಿದ್ದರು. ಓರಿನ್ ಕೇಳುವ ಮೊದಲೇ ವೆಂಡೆಲ್ ಎದ್ದ. "ದೋಣಿ ನಂದೇ. ಓಡಿಸಿದ್ದೂ ನಾನೇ. ಕತ್ತರಿಸಿದ್ದು ನಾನಲ್ಲ."

"ಹಾಗಾದ್ರೆ ಯಾರು, ನಿನ್ನ ಅಜ್ಜಿಯಾ?" ಯಾರೋ ಅಂದರು. ನಕ್ಕರು. ವೆಂಡೆಲ್ ಹೆಸರು ಹೇಳಲಿಲ್ಲ. ಆ ಪ್ರಾಣಿ ಹೇಳಲಿಲ್ಲ. ಎಲ್ಡೆನ್ ಕೊನೆಯ ಸಾಲಿನಲ್ಲಿ ಕೂತು ಬೂಟು ನೋಡುತ್ತಿದ್ದ.

ಲ್ಯಾಪ್‌ಟಾಪಿನಲ್ಲಿ ಎರಡೂ ಫೈಲು. ಐದನೆಯದನ್ನು ಒತ್ತಿದೆ.

ಹೋಲಿಸ್ ಎಲ್ಡೆನ್ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತ ಕೂತ.

ವಾಪಸ್ ಬರುವಾಗ ಟ್ರಕ್ಕಿನಲ್ಲಿ ಎಲ್ಡೆನ್, "ಇಷ್ಟೆಲ್ಲ ಬೇಕಿತ್ತಾ?"

"ಬೇಕಿತ್ತು."

ಸೆಪ್ಟೆಂಬರ್ 16, ಸೋಮವಾರ

ಬೆಳಿಗ್ಗೆ ಎಲ್ಡೆನ್ ಬಂದರಿನ ಕಟ್ಟೆಗೆ ಹೋದ, ಅರ್ಧ ಗಂಟೆಯಲ್ಲಿ ಬಂದ. ಬೋನಿಗೆ ಹಾಕುವ ಎರೆ ಮೀನನ್ನು ಯಾರೂ ಕೊಡಲಿಲ್ಲವಂತೆ. ಬೈಯಲೂ ಇಲ್ಲವಂತೆ. ಖಾಲಿ ಡಬ್ಬ ಹಿಡಿದು ಅಡುಗೆಮನೆಯಲ್ಲಿ ನಿಂತ.

"ನೀನಾದ್ರೂ ಓರಿನ್‌ಗೆ ಒಂದ್ ಮಾತು ಹೇಳು."

"ಮಾತಾಡ್ಬೇಕಾದ್ದು ನೀನು. ಓರಿನ್ ಹತ್ರ ಅಲ್ಲ, ಹೋಲಿಸ್ ಹತ್ರ."

"ಅವ್ನು ನಗ್ತಾನೆ."

"ನಗಲಿ. ಒಂದ್ಸಲ ನಗಿಸ್ಕೊಂಡ್ ಬಾ."

ಇಷ್ಟು ಗಟ್ಟಿಯಾಗಿ ಹೇಳಿದ್ದು ನಾನೇ ಎಂದು ನಂಬಿಕೆಯಾಗುತ್ತಿಲ್ಲ. ಡಬ್ಬ ನೆಲಕ್ಕಿಟ್ಟ. ಬಾಗಿಲ ಸದ್ದು. ಟ್ರಕ್ ಸ್ಟಾರ್ಟ್ ಆಯಿತು, ಇನ್ನೂ ಹೊರಡದೆ ನಿಂತಿದೆ. ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಹೋಲಿಸ್‌ನ ಮನೆ, ಬಲಕ್ಕೆ ಹೆದ್ದಾರಿ. ಇಲ್ಲಿಂದ ಕಾಣುವುದಿಲ್ಲ. ಕಿಟಕಿಗೆ ಹೋಗಿ ನೋಡುತ್ತೇನೆ.