ಎರಡನೇ ಸಂಪುಟ ನನ್ನ ಹತ್ತಿರ ಇದೆ

ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮನೆಯಿಂದ ಎರಡನೇ ಸಂಪುಟ ಎತ್ತಿಕೊಂಡು ಬಂದವಳು ನಾನೇ. ಅತ್ತಿಗೆಯ ಮೇಲೆ ರೇಗಬೇಡ. ಎಂಟು ವಾರ ಫೋನಿನಲ್ಲಿ ಗೋಗರೆದು ನನ್ನ ಗಂಟಲು ಒಣಗಿತ್ತು. "ನಾಳೆ ಕಳಿಸ್ತೀನಿ ಕಣೇ" ಎಂದು ಎಷ್ಟು ಸಲ ಹೇಳಿದೆಯೋ ನಿನಗೇ ನೆನಪಿರಲಿಕ್ಕಿಲ್ಲ.

ಆ ಇಂಗ್ಲಿಷ್ ನಾಟಕಕಾರನ ಸಮಗ್ರ ನಾಟಕಗಳು, ನಮ್ಮ ಭಾಷೆಗೆ ಬಂದ ಆ ಎರಡು ದಪ್ಪ ಸಂಪುಟಗಳೇ ಇಪ್ಪತ್ತಾರು ವರ್ಷ ಅಮ್ಮನ ಹೊಟ್ಟೆಪಾಡು. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಸಾಲು ಎತ್ತಿಕೊಡುವ ಕೆಲಸ. ರಂಗದ ಮೇಲಿನ ಎಂಥೆಂಥ ರಾಜರೂ ಅವಳ ಮಾತಿಗೆ ಕಾಯುತ್ತಿದ್ದರು. ಅವಳು ನನ್ನ ಮನೆಗೆ ಬರುವಾಗ ಸಾಮಾನು ಹಂಚಿಕೊಂಡೆವಲ್ಲ, ಆಗ "ನೆನಪಿಗೆ ಒಂದು ನನಗಿರಲಿ" ಎಂದು ದುರಂತ ನಾಟಕಗಳ ಎರಡನೇ ಸಂಪುಟವನ್ನು ನೀನು ಒಯ್ದೆ. ನಾನು ಬಿಟ್ಟುಕೊಟ್ಟೆ. ಅದೇ ನನ್ನ ತಪ್ಪು.

ಪಾರ್ಶ್ವವಾಯು ಹೊಡೆದು ಅವಳ ಮಾತು ಮೊದಲು ಕಲಸಿಹೋಯಿತು, ಆಮೇಲೆ ನಿಂತೇ ಹೋಯಿತು. ಮಾತು ಕಲಿಸಲು ಬರುವ ಟೀಚರಮ್ಮ, "ಅವರಿಗೆ ಬಾಯಿಪಾಠ ಇರೋದನ್ನೇ ಓದಿಸಿ" ಎಂದರು. ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ ಕೂರಿಸಿ ಮೊದಲ ಸಂಪುಟದ ಹಾಸ್ಯ ನಾಟಕಗಳನ್ನು ಓದಿಸಿದೆ. ಮೊದಮೊದಲು ಬರೀ ಗೊರಗೊರ ಸದ್ದು. ನಾಲ್ಕನೇ ವಾರ ಒಂದು ಪೂರ್ತಿ ಸಾಲು ಬಂತು. ಸಂಪುಟ ಮುಗಿದ ದಿನ ಎರಡು ಬೆರಳು ತೋರಿಸಿದಳು. ನಾನೊಬ್ಬಳು ಮಂಕು, ಎರಡು ಬಿಸ್ಕತ್ತು ಕೊಟ್ಟೆ. ಇನ್ನೊಂದು ದಿಂಬು ತಂದಿಟ್ಟೆ. ಅವಳು ಬಿಸ್ಕತ್ತನ್ನು ನನ್ನ ಮೇಲೆಸೆದು, ಪುಸ್ತಕದ ಬೆನ್ನನ್ನು ಬೆರಳಿನಿಂದ ಕುಟ್ಟಿದ ಮೇಲೆ ಅರ್ಥವಾಯಿತು.

ಕೊನೆಗೂ ನಿನ್ನ ಪಾರ್ಸೆಲ್ ಬಂತು. ಆತುರದಿಂದ ಬಿಚ್ಚಿದರೆ ಲಿಫ್ಟ್ ರಿಪೇರಿಯ ಕೈಪಿಡಿ! ನಿನ್ನಂಥ ಲಿಫ್ಟ್ ಮೆಕ್ಯಾನಿಕ್ಕಿಗೆ ದಪ್ಪ ಪುಸ್ತಕವೆಲ್ಲ ಒಂದೇ ಎಂದು ಹಲ್ಲು ಕಡಿದೆ. ಅಮ್ಮ ಅದನ್ನೂ ಬಿಡಲಿಲ್ಲ. "ಬಾಗಿಲು... ಮುಚ್ಚುವ... ಮುನ್ನ" ಎಂದು ಅರ್ಧ ಪುಟ ಓದಿ, ನನ್ನ ಮುಖ ನೋಡಿ, "ಯಾವ ಪೆದ್ದ ಬರ್ದಿದ್ದು?" ಅಂದಳು. ಮಾತು ಹೋದಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅದಕ್ಕೇ ಶನಿವಾರ ನೀನು ಕೆಲಸಕ್ಕೆ ಹೋಗಿದ್ದಾಗ ಬಂದೆ. ಪುಸ್ತಕ ಎಲ್ಲೋ ಮಂಚದ ಕೆಳಗೆ ಧೂಳು ತಿನ್ನುತ್ತಿರುತ್ತದೆ, ಜಗಳಕ್ಕೆ ಅನುಕೂಲ ಅಂದುಕೊಂಡಿದ್ದೆ. ಅದು ಊಟದ ಮೇಜಿನ ಮೇಲಿತ್ತು, ಪಕ್ಕದಲ್ಲೇ ನಿನ್ನ ಕನ್ನಡಕ. "ದಿನಾ ಓದ್ತಾರೆ" ಎಂದರು ಅತ್ತಿಗೆ. "ನಿಮ್ಮನೆಗೆ ಬರೋಕೆ ಮಾತ್ರ ಹೆದರ್ತಾರೆ. ಆಸ್ಪತ್ರೇಲಿ ಅತ್ತೆ ಇವರನ್ನ ಡಾಕ್ಟರೇ ಅಂತ ಕರೆದ್ರಲ್ಲ, ಅವತ್ತಿಂದ."

ಅವತ್ತು ನನ್ನನ್ನು ಏನೆಂದು ಕರೆದಳು ಗೊತ್ತಾ? ಕುರ್ಚಿ. ನಾನು ಓಡಿಹೋದೆನಾ?

ಭಾನುವಾರ ಬೆಳಿಗ್ಗೆ ಸಂಪುಟವನ್ನು ಅವಳ ತೊಡೆಯ ಮೇಲಿಟ್ಟೆ. ಓದುತ್ತ ಓದುತ್ತ ಒಂದು ಕಡೆ, ಒಬ್ಬ ಸೇನಾಪತಿಯ ಮಾತಿನ ನಡುವೆಯೇ, ಅವಳ ದನಿ ಪಿಸುಮಾತಿಗೆ ಇಳಿಯಿತು. "ಮಗನಿಗೆ ಜ್ವರ. ಈ ಅಂಕ ಬೇಗ ಮುಗಿಯಲಿ." ಬಗ್ಗಿ ನೋಡಿದೆ. ಪುಟದ ಅಂಚಿನಲ್ಲಿ ಅವಳದೇ ಪೆನ್ಸಿಲ್ ಅಕ್ಷರ. ಹಾಳೆ ತಿರುವಿದೆ. ಅಂಚಿನ ತುಂಬ ನೀನೇ: ನಿನ್ನ ಬಿದ್ದ ಹಲ್ಲು, ಹರಿದ ಬೂಟು, ಪರದೆಯ ಹಿಂದೆ ಅವಳ ಕಾಲಿಗೊರಗಿ ನಿದ್ದೆಹೋದದ್ದು. ನೀನು ಯಾಕೆ ಕೊಡಲಿಲ್ಲವೆಂದು ಆಗ ತಿಳಿಯಿತು. ಸಿಟ್ಟು ಇಳಿಯಿತೆಂದುಕೊಳ್ಳಬೇಡ, ಇನ್ನೂ ಏರಿತು. ಅವಳು ಬರೆದದ್ದನ್ನು ದಿನಾ ಓದುತ್ತ, ಅವಳ ಎದುರಿಗೆ ಮಾತ್ರ ಬರದೆ ಕೂತಿದ್ದೆಯಲ್ಲ!

ಅಮ್ಮ ಹಾಳೆ ಹಿಂದಕ್ಕೆ ತಿರುವಿ, ಆ ಜ್ವರದ ಸಾಲಿನ ಮೇಲೆ ಬೆರಳಿಟ್ಟು ನಿನ್ನ ಹೆಸರು ಹೇಳಿದಳು. ತೊದಲಿದಳು ನಿಜ, ಆದರೆ ನಿನ್ನ ಹೆಸರೇ. ಆಮೇಲೆ ನನ್ನತ್ತ ತಿರುಗಿ ಕೇಳಿದಳು: "ಜ್ವರ ಬಿಡ್ತಾ?"

ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಬಂದು ನೀನೇ ಹೇಳು.

ದೇವರು ನಿನಗೆ ಧೈರ್ಯ ಕೊಡಲಿ, ನನಗೆ ತಾಳ್ಮೆ.

ಇಂತಿ,
ನಿನ್ನ ತಂಗಿ